ಕಾರಿನ ಹೊರದೀಪ ಹತ್ತುತ್ತಿಲ್ಲವೇ? ಬಲ್ಬು ಬಿಚ್ಚುವ ಮೊದಲು ಮತ್ತು ಬಿಚ್ಚಿದ ಮೇಲೆ

ಕಾರಿನ ಬಲ್ಬು ಬದಲಿಸುವುದು ಹತ್ತು ನಿಮಿಷದ ಕೆಲಸ. ಕೆಟ್ಟಿರುವುದು ಬಲ್ಬೋ, ಹೋಲ್ಡರೋ, ಫ್ಯೂಸೋ, ಅರ್ತ್ ವೈರೋ (ದೀಪದ ಕರೆಂಟು ಕಾರಿನ ಬಾಡಿಗೆ ಮರಳುವ ವೈರು) ಎಂದು ಕಂಡುಹಿಡಿಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅದೂ ಅಂದಾಜಿನ ಮೇಲೆ ಹೊಸ ಬಲ್ಬು ತಂದು ಹಾಕಿ, ಅದೂ ಹತ್ತದೆ, ಮತ್ತೊಂದು ತಂದು ಹಾಕುವವರಿಗೆ. ದೀಪ ಕೆಟ್ಟಾಗ ಅದು ಹೇಗೆ ಕೆಟ್ಟಿದೆ ಎಂಬುದೇ ಅರ್ಧ ಉತ್ತರ ಕೊಡುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಬನ್ನಿ.

ಇಲ್ಲಿ ಹೇಳಿರುವುದು 12 ವೋಲ್ಟ್ ಕಾರುಗಳ ಹ್ಯಾಲೊಜೆನ್ ಹೆಡ್‌ಲೈಟ್ ಮತ್ತು ಮಾಮೂಲಿ ತಂತಿ (ಫಿಲಮೆಂಟ್) ಬಲ್ಬುಗಳ ವಿಷಯ. ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ದೀಪಗಳಲ್ಲಿ ಹೆಚ್ಚಿನವಕ್ಕೆ ಬಿಡಿ ಬಲ್ಬು ಇರುವುದಿಲ್ಲ, ಇಡೀ ಲ್ಯಾಂಪನ್ನೇ ಬದಲಿಸಬೇಕು. ಜೆನಾನ್ ಅಥವಾ ಎಚ್‌ಐಡಿ ಹೆಡ್‌ಲೈಟ್ ಇದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅದು ಹತ್ತಿಕೊಳ್ಳುವ ಕ್ಷಣದಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ.

ಮೊದಲ ಸುತ್ತು

ಸಂಜೆಗತ್ತಲಲ್ಲಿ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಪಾರ್ಕಿಂಗ್ ಲೈಟ್, ಡಿಮ್, ಬ್ರೈಟ್, ಎರಡೂ ಕಡೆಯ ಇಂಡಿಕೇಟರ್, ಹಜಾರ್ಡ್ ಹೀಗೆ ಒಂದೊಂದಾಗಿ ಹಾಕಿ ಇಳಿದು ನೋಡಿ. ರಿವರ್ಸ್ ಲೈಟಿಗೆ ಗೇರನ್ನು ರಿವರ್ಸ್‌ಗೆ ಹಾಕಿದರೆ ಸಾಕು. ಬ್ರೇಕ್ ಲೈಟ್ ನೋಡಲು ಜೊತೆಗೆ ಯಾರೂ ಇಲ್ಲದಿದ್ದರೆ, ಪೆಡಲ್ ಮತ್ತು ಸೀಟಿನ ನಡುವೆ ಒಂದು ಕೋಲು ಸಿಕ್ಕಿಸಿ. ಹಿಂದೆ ಗೋಡೆ ಇದ್ದರೆ ಅದರ ಮೇಲೆ ಬೀಳುವ ಕೆಂಪು ಬೆಳಕನ್ನು ಕನ್ನಡಿಯಲ್ಲೇ ನೋಡಬಹುದು. ನಂಬರ್ ಪ್ಲೇಟಿನ ಮೇಲಿನ ಪುಟ್ಟ ಬಲ್ಬನ್ನು ಮರೆಯಬೇಡಿ. ಎಲ್ಲರೂ ಮರೆಯುವುದು ಅದನ್ನೇ, ರಾತ್ರಿ ಪೊಲೀಸರು ಕಾರು ನಿಲ್ಲಿಸಿ ತೋರಿಸುವುದೂ ಅದನ್ನೇ.

ಕಂಡ ಲಕ್ಷಣವನ್ನು ಹೀಗೆ ಓದಿಕೊಳ್ಳಿ.

ಒಂದು ಕಡೆಯ ಒಂದೇ ದೀಪ ಹತ್ತುತ್ತಿಲ್ಲ, ಅದರ ಜೋಡಿ ಚೆನ್ನಾಗಿ ಹತ್ತುತ್ತಿದೆ ಎಂದರೆ ಬಹುಪಾಲು ಬಲ್ಬೇ ಹೋಗಿದೆ. ಕೆಲವು ಕಾರುಗಳಲ್ಲಿ ಎಡ ಮತ್ತು ಬಲ ಹೆಡ್‌ಲೈಟಿಗೆ ಬೇರೆ ಬೇರೆ ಫ್ಯೂಸ್ ಇರುತ್ತದೆ. ಹಾಗಾಗಿ ಹೆಡ್‌ಲೈಟ್ ಆದರೆ ಫ್ಯೂಸನ್ನೂ ಒಮ್ಮೆ ನೋಡಿಬಿಡಿ.

ಎರಡೂ ಕಡೆ ಒಟ್ಟಿಗೆ ಹೋಗಿದ್ದರೆ ಫ್ಯೂಸ್, ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪಕ್ಕೆ ದೊಡ್ಡ ಕರೆಂಟು ಹರಿಸುವ ಸಾಧನ), ಸ್ವಿಚ್ ಈ ಕ್ರಮದಲ್ಲಿ ಅನುಮಾನಿಸಿ. ಹೆಡ್‌ಲೈಟ್ ವಿಷಯದಲ್ಲಿ ಮಾತ್ರ ಒಂದು ಮೋಸ ಇದೆ. ಡಿಮ್ ಒಂದು ಕಡೆ ಹೋಗಿ ವಾರಗಟ್ಟಲೆ ಆಗಿರುತ್ತದೆ, ಬೀದಿದೀಪದ ಬೆಳಕಿನಲ್ಲಿ ಓಡಿಸುವವರಿಗೆ ಗೊತ್ತೇ ಆಗಿರುವುದಿಲ್ಲ. ಇನ್ನೊಂದೂ ಹೋದ ದಿನ ‘ಎರಡೂ ಒಟ್ಟಿಗೆ ಹೋಯಿತು’ ಅನ್ನಿಸುತ್ತದೆ. ಒಟ್ಟಿಗೆ ಹಾಕಿದ ಎರಡು ಬಲ್ಬುಗಳ ಆಯಸ್ಸು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮುಗಿಯುವುದರಲ್ಲಿ ಆಶ್ಚರ್ಯವೇನಿಲ್ಲ. ಡಿಮ್ ಹೋಗಿ ಬ್ರೈಟ್ ಹತ್ತುತ್ತಿದ್ದರೆ ಫ್ಯೂಸ್ ಹುಡುಕುವ ಮೊದಲು ಬಲ್ಬು ಬಿಚ್ಚಿ ನೋಡಿ.

ಬ್ರೇಕ್ ಲೈಟ್ ಮೂರೂ ಹತ್ತದಿದ್ದರೆ, ಎಂದರೆ ಹಿಂದಿನ ಗಾಜಿನ ಬಳಿಯ ಮೂರನೆಯದೂ ಸೇರಿ, ಬಲ್ಬುಗಳನ್ನು ಮುಟ್ಟಲೇಬೇಡಿ. ಫ್ಯೂಸ್ ಇಲ್ಲವೇ ಪೆಡಲಿನ ಮೇಲಿರುವ ಬ್ರೇಕ್ ಸ್ವಿಚ್ ಹೋಗಿದೆ. ಮೂರನೆಯದು ಹತ್ತಿ ಕೆಳಗಿನ ಎರಡು ಹತ್ತದಿದ್ದರೆ ಸ್ವಿಚ್ ಸರಿಯಿದೆ ಎಂದು ಆಗಲೇ ಗೊತ್ತಾಯಿತು.

ಇಂಡಿಕೇಟರ್ ಒಂದು ಕಡೆಗೆ ಹಾಕಿದಾಗ ಮಾತ್ರ ಟಿಕ್‌ಟಿಕ್ ಸದ್ದು ದುಪ್ಪಟ್ಟು ವೇಗದಲ್ಲಿ ಬಂದರೆ ಆ ಕಡೆ ಒಂದು ಬಲ್ಬು ಹೋಗಿದೆ. ಇದು ತೊಂದರೆಯಲ್ಲ, ಎಚ್ಚರಿಕೆ. ಸರಿಯಾದ ವೇಗ ನಿಮಿಷಕ್ಕೆ 60ರಿಂದ 120 ಸಲ. ಒಂದು 21 ವ್ಯಾಟ್ ಬಲ್ಬಿನ ಕರೆಂಟು ಕಡಿಮೆಯಾದದ್ದನ್ನು ಇಂಡಿಕೇಟರ್ ಮಿಣುಕಿಸುವ ಫ್ಲಾಷರ್ ಗುರುತಿಸಿ ವೇಗ ಹೆಚ್ಚಿಸುತ್ತದೆ. ಪಕ್ಕದ ಫೆಂಡರಿನ ಮೇಲಿರುವ 5 ವ್ಯಾಟ್ ಬಲ್ಬು ಹೋದರೆ ಎಷ್ಟೋ ಕಾರುಗಳಲ್ಲಿ ವೇಗ ಬದಲಾಗುವುದಿಲ್ಲ, ಅದನ್ನು ಕಣ್ಣಿನಿಂದಲೇ ನೋಡಬೇಕು. ಹಜಾರ್ಡ್ ಹತ್ತುತ್ತದೆ, ಇಂಡಿಕೇಟರ್ ಎರಡೂ ಕಡೆ ಹತ್ತುವುದಿಲ್ಲ ಎಂದರೆ ಬಲ್ಬುಗಳೆಲ್ಲ ಸರಿಯಿವೆ. ಇಂಡಿಕೇಟರ್ ಫ್ಯೂಸ್ ಅಥವಾ ಸ್ಟೀರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್ ನೋಡಿ.

ದೀಪ ಹತ್ತುತ್ತದೆ, ಆದರೆ ಮಂಕು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಟೈಲ್ ಲ್ಯಾಂಪ್ ಜೊತೆಗೆ ಕುಣಿಯುತ್ತದೆ. ಇಂಥ ಭೂತಚೇಷ್ಟೆಗೆ ಕಾರಣ ಒಂದೇ, ಅರ್ತ್. ದೀಪದ ಕರೆಂಟು ತನ್ನ ದಾರಿಯಲ್ಲಿ ಮರಳಲಾಗದೆ ಪಕ್ಕದ ತಂತಿಯ ಮೂಲಕ ನುಗ್ಗುತ್ತಿರುತ್ತದೆ. ಇದೇ ಕುಣಿತ ಹೊಸ ಬಲ್ಬು ಹಾಕಿದ ಮರುಕ್ಷಣ ಶುರುವಾದರೆ ತಪ್ಪು ಬಲ್ಬು ಹಾಕಿದ್ದೀರಿ ಎಂದು ತಿಳಿಯಿರಿ. ಅದರ ವಿಷಯ ಮುಂದೆ ಇದೆ.

ಕಾರು ಗುಂಡಿಗೆ ಇಳಿದಾಗ ಆರುತ್ತದೆ, ಲ್ಯಾಂಪಿಗೆ ಅಂಗೈಯಿಂದ ಬಡಿದರೆ ಹತ್ತುತ್ತದೆ ಎಂದರೆ ಹೋಲ್ಡರಿನ ಸ್ಪ್ರಿಂಗು ಸಡಿಲ ಅಥವಾ ಕಿಲುಬು. ಬಡಿದು ಹತ್ತಿಸಿಕೊಂಡು ಓಡಾಡುವವರು ಬಹಳ ಮಂದಿ. ಅಲ್ಲಿ ಕಿಡಿ ಹಾರಿ ಹೋಲ್ಡರ್ ಕರಗುವವರೆಗೆ ಅದು ನಡೆಯುತ್ತದೆ.

ಯಾವ ಬಲ್ಬು?

ಅಂಗಡಿಯಲ್ಲಿ ‘ವ್ಯಾಗನ್‌ಆರ್ ಬ್ರೇಕ್ ಬಲ್ಬ್ ಕೊಡಿ’ ಎನ್ನುವುದಕ್ಕಿಂತ ಹಳೆಯ ಬಲ್ಬನ್ನೇ ಒಯ್ದು ತೋರಿಸುವುದು ಒಳ್ಳೆಯದು. ಬಲ್ಬಿನ ಲೋಹದ ಬುಡದ ಮೇಲೆ ಸಣ್ಣಕ್ಷರದಲ್ಲಿ ವರ್ಗದ ಹೆಸರು ಕೊರೆದಿರುತ್ತದೆ. ಕಾರಿನ ಮಾಲೀಕರ ಕೈಪಿಡಿಯ ಕೊನೆಯ ಪುಟಗಳಲ್ಲೂ ಪಟ್ಟಿ ಇರುತ್ತದೆ.

ನಮ್ಮ ಸಣ್ಣ ಕಾರುಗಳ ಹೆಡ್‌ಲೈಟಿನಲ್ಲಿ ಹೆಚ್ಚಾಗಿ ಕಾಣುವುದು ಎಚ್4. ಡಿಮ್ ಮತ್ತು ಬ್ರೈಟ್ ಎರಡೂ ಒಂದೇ ಬಲ್ಬಿನೊಳಗೆ, ಎರಡು ತಂತಿ, ಮೂರು ಕಾಲು, 60/55 ವ್ಯಾಟ್. ಬ್ರೈಟ್ 60, ಡಿಮ್ 55. ಡಿಮ್ ತಂತಿಯ ಕೆಳಗೆ ಒಂದು ಲೋಹದ ಪುಟ್ಟ ತೊಟ್ಟಿಲಿರುತ್ತದೆ. ಎದುರಿನವರ ಕಣ್ಣಿಗೆ ಬೆಳಕು ಹೊಡೆಯದಂತೆ ತಡೆಯುವುದು ಅದೇ. ಡಿಮ್ ಬ್ರೈಟ್ ಬೇರೆ ಬೇರೆ ಬಲ್ಬುಗಳಾಗಿದ್ದರೆ ಎರಡು ಕಾಲಿನ ಎಚ್7, 55 ವ್ಯಾಟ್, ಇಲ್ಲವೇ ಅದರ ಸೋದರರು. ಫಾಗ್ ಲ್ಯಾಂಪಿನಲ್ಲಿ ಎಚ್8 ಎಂದರೆ 35 ವ್ಯಾಟ್, ಎಚ್11 ಎಂದರೆ 55 ವ್ಯಾಟ್. ನೋಡಲು ಅಣ್ಣತಮ್ಮಂದಿರಂತಿರುತ್ತವೆ. 35ರ ಜಾಗಕ್ಕೆ 55 ತುರುಕಿದರೆ ಪ್ಲಾಸ್ಟಿಕ್ ರಿಫ್ಲೆಕ್ಟರ್ ಸುಕ್ಕುಗಟ್ಟುತ್ತದೆ.

ಹಿಂದಿನ ದೀಪಗಳಲ್ಲಿ ಗೊಂದಲ ಜಾಸ್ತಿ. ಒಂದೇ ತಂತಿಯ 21 ವ್ಯಾಟ್ ಬಲ್ಬು, ಪಿ21ಡಬ್ಲ್ಯು, ರಿವರ್ಸ್‌ಗೆ ಮತ್ತು ಕಿತ್ತಳೆ ಗಾಜಿನ ಇಂಡಿಕೇಟರಿಗೆ. ಅದರ ಬುಡದಲ್ಲಿ ಎರಡು ಮೊಳೆಗಳು ಒಂದೇ ಎತ್ತರದಲ್ಲಿ, ಎದುರುಬದುರಾಗಿ ಇರುತ್ತವೆ. ಗಾಜು ಬಿಳಿಯಾಗಿದ್ದು ಬಲ್ಬೇ ಕಿತ್ತಳೆಯಾಗಿದ್ದರೆ ಅದು ಪಿವೈ21ಡಬ್ಲ್ಯು, ಅದರ ಮೊಳೆಗಳು ನೇರ ಎದುರುಬದುರು ಇರದೆ ಸ್ವಲ್ಪ ಓರೆ. ಬಿಳಿ ಬಲ್ಬನ್ನು ಅಲ್ಲಿ ಹಾಕಲಾಗದಿರಲಿ ಎಂದೇ ಹಾಗೆ ಮಾಡಿರುವುದು. ಟೈಲ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬು ಇದ್ದರೆ ಅದು ಪಿ21/5ಡಬ್ಲ್ಯು. ಎರಡು ತಂತಿ, ಬುಡದ ತಳದಲ್ಲಿ ಎರಡು ಸೀಸದ ಚುಕ್ಕೆ, ಮೊಳೆಗಳು ಮೇಲೊಂದು ಕೆಳಗೊಂದು. 21 ವ್ಯಾಟ್ ಬ್ರೇಕಿಗೆ, 5 ವ್ಯಾಟ್ ಟೈಲಿಗೆ.

ಒಂದೇ ಚುಕ್ಕೆಯ ಬಲ್ಬನ್ನು ಈ ಎರಡು ಚುಕ್ಕೆಯ ಹೋಲ್ಡರಿಗೆ ಬಲವಂತವಾಗಿ ತಿರುಗಿಸಿ ಕೂರಿಸಿದರೆ ಆ ಒಂದು ಸೀಸದ ಚುಕ್ಕೆ ಎರಡೂ ಸಂಪರ್ಕಗಳನ್ನು ಒಂದುಮಾಡುತ್ತದೆ. ಆಮೇಲೆ ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್, ಮೀಟರ್ ದೀಪಗಳೆಲ್ಲ ಹತ್ತುತ್ತವೆ. ಪಾರ್ಕಿಂಗ್ ಹಾಕಿದರೆ ಬ್ರೇಕ್ ಲೈಟ್ ಹತ್ತಿಯೇ ಇರುತ್ತದೆ. ಹೊಸ ಬಲ್ಬು ಹಾಕಿದ ದಿನದಿಂದ ಕಾರಿಗೆ ಹುಚ್ಚು ಹಿಡಿದಿದೆ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಪಾರ್ಕಿಂಗ್ ಮತ್ತು ನಂಬರ್ ಪ್ಲೇಟಿನ ಪುಟ್ಟ ಗಾಜಿನ ಬುಡದ ಬಲ್ಬು ಡಬ್ಲ್ಯು5ಡಬ್ಲ್ಯು. ಅಂಗಡಿಯವರಿಗೆ ‘ಟಿ10’ ಅಂದರೆ ಬೇಗ ಅರ್ಥವಾಗುತ್ತದೆ. ಕೆಲವು ಕಾರುಗಳಲ್ಲಿ ನಂಬರ್ ಪ್ಲೇಟಿಗೆ ಎರಡೂ ತುದಿಗೆ ಲೋಹದ ಟೋಪಿ ಇರುವ ಉದ್ದನೆಯ ಬಲ್ಬು ಇರುತ್ತದೆ. ಅದನ್ನು ಉದ್ದ ಅಳೆದು ಕೊಳ್ಳಿ, 36 ಮಿಲಿಮೀಟರಿನ ಜಾಗಕ್ಕೆ 31 ಕೂರುವುದಿಲ್ಲ.

ಬಲ್ಬು ಬಿಚ್ಚಿದ ಮೇಲೆ ಅದರ ಮುಖ ನೋಡಿ

ಹಳೆಯ ಬಲ್ಬನ್ನು ಕೂಡಲೇ ಎಸೆಯಬೇಡಿ. ತಂತಿ ತುಂಡಾಗಿ ಗಾಜು ಒಳಗೆ ಕಪ್ಪಾಗಿದ್ದರೆ ಅದು ಸಹಜ ಸಾವು. ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದೆ. ಗಾಜಿನೊಳಗೆ ಬಿಳಿ ಅಥವಾ ಹಳದಿ ಬೂದಿಯಂಥ ಪುಡಿ ಮೆತ್ತಿದ್ದರೆ ಗಾಜು ಎಲ್ಲೋ ಬಿರುಕುಬಿಟ್ಟು ಗಾಳಿ ಒಳಹೊಕ್ಕಿದೆ. ಬಿಸಿ ಬಲ್ಬಿಗೆ ನೀರು ಚಿಮ್ಮಿರಬಹುದು, ಆದ್ದರಿಂದ ಲ್ಯಾಂಪಿನ ಗಾಜು ಒಡೆದಿದೆಯೇ, ಹಿಂದಿನ ರಬ್ಬರ್ ಸರಿಯಾಗಿ ಕೂತಿದೆಯೇ ನೋಡಿ. ತಂತಿಯ ತುದಿಯಲ್ಲಿ ಕರಗಿದ ಗುಂಡುಗಳಿದ್ದು, ಬಲ್ಬು ಹೊಸದೇ ಆಗಿದ್ದರೆ ವೋಲ್ಟೇಜ್ ಮೇಲೆ ಕಣ್ಣಿಡಿ. ತಂತಿ ನೆಟ್ಟಗೆ ಇದ್ದು ಗಾಜು ತಿಳಿಯಾಗಿದ್ದರೆ ಬಲ್ಬು ಬಹುಶಃ ಚೆನ್ನಾಗಿಯೇ ಇದೆ, ರೋಗ ಬೇರೆ ಕಡೆ ಇದೆ.

ಕಣ್ಣನ್ನು ಪೂರ್ತಿ ನಂಬಬೇಡಿ. ತಂತಿ ಬುಡದ ಒಳಗೆ ತುಂಡಾಗಿರಬಹುದು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. 21 ವ್ಯಾಟ್ ಬಲ್ಬು ತಣ್ಣಗಿದ್ದಾಗ ಒಂದು ಓಮಿನ ಒಳಗೇ ತೋರಿಸುತ್ತದೆ. 12 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 7 ಓಮ್ ಬರಬೇಕಲ್ಲ ಎಂದು ಗಾಬರಿಯಾಗಬೇಡಿ, ಆ 7 ಉರಿಯುವ ತಂತಿಯದು. ಮೀಟರ್ ಏನೂ ತೋರಿಸದಿದ್ದರೆ ಮಾತ್ರ ಬಲ್ಬು ಹೋಗಿದೆ. ಮೀಟರ್ ಇಲ್ಲದಿದ್ದರೆ ಇನ್ನೊಂದು ಕಡೆಯ ಚೆನ್ನಾಗಿರುವ ಬಲ್ಬನ್ನು ಇಲ್ಲಿಗೆ ಹಾಕಿ ನೋಡಿ. ಖರ್ಚಿಲ್ಲದ, ಸುಳ್ಳು ಹೇಳದ ಪರೀಕ್ಷೆ ಅದು.

ಹೆಡ್‌ಲೈಟ್ ಬಲ್ಬು ಬದಲಿಸುವ ಕ್ರಮ

ದೀಪ ಈಗಷ್ಟೇ ಹತ್ತಿದ್ದರೆ ಹತ್ತು ನಿಮಿಷ ಆರಲು ಬಿಡಿ. ಹ್ಯಾಲೊಜೆನ್ ಗಾಜು ನೂರಾರು ಡಿಗ್ರಿ ಬಿಸಿ ಇರುತ್ತದೆ, ಒಳಗೆ ಅನಿಲವೂ ಒತ್ತಡದಲ್ಲಿರುತ್ತದೆ. ಕನ್ನಡಕ ಹಾಕಿಕೊಳ್ಳುವುದು ಅತಿ ಎಚ್ಚರಿಕೆಯೇನಲ್ಲ. ಲೈಟ್ ಸ್ವಿಚ್ ಮತ್ತು ಇಗ್ನಿಷನ್ ಆಫ್ ಮಾಡಿ.

1. ಬಾನೆಟ್ ಎತ್ತಿ ಲ್ಯಾಂಪಿನ ಹಿಂಭಾಗಕ್ಕೆ ಕೈ ಹೋಗುತ್ತದೆಯೇ ನೋಡಿ. ಕೆಲವು ಕಾರುಗಳಲ್ಲಿ ಒಂದು ಕಡೆ ಬ್ಯಾಟರಿ ಅಡ್ಡ, ಇನ್ನೊಂದು ಕಡೆ ಏರ್ ಫಿಲ್ಟರಿನ ಕೊಳವೆ ಅಡ್ಡ. ತೀರಾ ಇಕ್ಕಟ್ಟಾದರೆ ಆ ಅಡ್ಡಿಯನ್ನೇ ತೆಗೆಯಿರಿ, ಕುರುಡುಗೈಯಲ್ಲಿ ಕ್ಲಿಪ್ಪು ಮುರಿಯಬೇಡಿ.

2. ಬಲ್ಬಿನ ಹಿಂದೆ ವೈರುಗಳು ಬಂದು ಸೇರುವ ಮೂರು ಕಾಲಿನ ಕಪ್ಲರನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಕಪ್ಲರನ್ನು ಹಿಡಿದು ಎಳೆಯಬೇಕು, ವೈರನ್ನಲ್ಲ. ಹಳೆಯದಾಗಿ ಕಚ್ಚಿಕೊಂಡಿದ್ದರೆ ಎಡಬಲಕ್ಕೆ ಸ್ವಲ್ಪ ಅಲುಗಿಸಿ.

3. ಲ್ಯಾಂಪಿನ ಹಿಂಬದಿ ಮುಚ್ಚುವ ರಬ್ಬರ್ ಬೂಟಿನ ಕಿವಿ ಹಿಡಿದು ಬಿಡಿಸಿ. ಯಾವ ಬದಿ ಮೇಲಿತ್ತು ಎಂದು ನೋಡಿಟ್ಟುಕೊಳ್ಳಿ, ಬಹಳಷ್ಟರಲ್ಲಿ ಗುರುತು ಇರುತ್ತದೆ.

4. ಬಲ್ಬನ್ನು ಹಿಡಿದಿರುವ ತಂತಿ ಕ್ಲಿಪ್ಪನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಬಿಡಿಸುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ವಾಪಸ್ ಹಾಕುವಾಗ ಪೇಚಾಟ ಇರುವುದಿಲ್ಲ.

5. ಹೊಸ ಬಲ್ಬನ್ನು ಲೋಹದ ಬುಡದಿಂದಲೇ ಹಿಡಿದು ಕೂರಿಸಿ. ಎಚ್4ರ ಸುತ್ತ ಮೂರು ಕಿವಿಗಳಿವೆ, ಅವು ಒಂದೇ ರೀತಿ ಸರಿಯಾಗಿ ಕೂರುತ್ತವೆ. ಕೂತರೆ ಅಲುಗಾಡುವುದಿಲ್ಲ. ಅಲುಗಾಡಿದರೆ ಇನ್ನೂ ಕೂತಿಲ್ಲ, ಕ್ಲಿಪ್ಪು ಹಾಕಿ ಬಲವಂತ ಮಾಡಬೇಡಿ.

6. ಕ್ಲಿಪ್ಪು, ಬೂಟು, ಕಪ್ಲರ್ ಈ ಕ್ರಮದಲ್ಲಿ ಹಾಕಿ. ಬೂಟಿನ ಅಂಚು ಸುತ್ತಲೂ ಬೆರಳಾಡಿಸಿ ಒತ್ತಿ.

ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಎನ್ನುವುದು ಮೂಢನಂಬಿಕೆಯಲ್ಲ. ಬೆರಳಿನ ಎಣ್ಣೆ, ಉಪ್ಪು ಬಿಸಿಗೆ ಕ್ವಾರ್ಟ್ಜ್ ಗಾಜಿನ ಮೇಲೆ ಸುಟ್ಟು ಕೂತು, ಆ ಜಾಗ ಮಾತ್ರ ಹೆಚ್ಚು ಕಾದು ಗಾಜು ಕೆಡುತ್ತದೆ. ಮುಟ್ಟಿಬಿಟ್ಟರೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಪೆಟ್ರೋಲ್, ಥಿನ್ನರ್ ಬೇಡ. ಹಿಂದಿನ 21 ವ್ಯಾಟ್, 5 ವ್ಯಾಟ್ ಬಲ್ಬುಗಳಿಗೆ ಈ ಮಡಿ ಅಷ್ಟೊಂದು ಬೇಕಿಲ್ಲ.

ಹೆಡ್‌ಲೈಟ್ ಬಲ್ಬನ್ನು ಜೋಡಿಯಾಗಿ ಬದಲಿಸಿ. ಹಳೆಯದರ ಬೆಳಕು ಮಂಕಾಗಿರುತ್ತದೆ, ಎರಡು ಕಡೆಯೂ ಹೊಂದುವುದಿಲ್ಲ. ಇನ್ನೂ ಹತ್ತುತ್ತಿರುವ ಹಳೆಯದನ್ನು ಹೊಸದರ ಡಬ್ಬಿಯಲ್ಲಿಟ್ಟು ಡಿಕ್ಕಿಗೆ ಹಾಕಿಡಿ. ಘಾಟಿಯಲ್ಲಿ ರಾತ್ರಿ ಉಪಯೋಗಕ್ಕೆ ಬರುತ್ತದೆ.

ಹಿಂದಿನ ದೀಪ

ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಡಿಕ್ಕಿ ಬಾಗಿಲು ಎತ್ತಿದರೆ ಲ್ಯಾಂಪಿನ ಒಳ ಅಂಚಿನಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಅವನ್ನು ಬಿಚ್ಚಿದ ಮೇಲೂ ಲ್ಯಾಂಪ್ ಬರುವುದಿಲ್ಲ, ಹೊರ ಅಂಚಿನಲ್ಲಿ ಒಂದೆರಡು ಪ್ಲಾಸ್ಟಿಕ್ ಗೂಟಗಳು ಬಾಡಿಯ ರಂಧ್ರಕ್ಕೆ ಕಚ್ಚಿಕೊಂಡಿರುತ್ತವೆ. ನೇರ ಹಿಂದಕ್ಕೆ, ಕಾರಿನ ಉದ್ದಕ್ಕೆ ಸಮಾನಾಂತರವಾಗಿ ಎಳೆಯಬೇಕು. ಬದಿಗೆ ಮೀಟಿದರೆ ಗೂಟ ಮುರಿಯುತ್ತದೆ, ಬಣ್ಣವೂ ಕಿತ್ತುಹೋಗುತ್ತದೆ. ಸೆಡಾನ್‌ಗಳಲ್ಲಿ ಡಿಕ್ಕಿಯ ಒಳಗಿನ ಹೊದಿಕೆ ಸರಿಸಿದರೆ ಹೋಲ್ಡರ್ ಕೈಗೇ ಸಿಗುತ್ತದೆ.

ಹೋಲ್ಡರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ. ಮೊಳೆ ಇರುವ ಬಲ್ಬನ್ನು ಒಳಕ್ಕೆ ಒತ್ತಿ, ಒತ್ತಿದ ಹಾಗೆಯೇ ಎಡಕ್ಕೆ ತಿರುಗಿಸಿ ಬಿಡಬೇಕು. ಗಾಜಿನ ಬುಡದ ಬಲ್ಬನ್ನು ನೇರ ಎಳೆಯಬೇಕು. ತುಕ್ಕು ಹಿಡಿದು ಬಾರದಿದ್ದರೆ ಬಟ್ಟೆ ಸುತ್ತಿ ಹಿಡಿಯಿರಿ. ಗಾಜು ಒಡೆದು ಬುಡ ಮಾತ್ರ ಹೋಲ್ಡರಿನಲ್ಲಿ ಉಳಿದರೆ, ದೀಪ ಆಫ್ ಇದೆ ಎಂದು ಖಾತ್ರಿ ಮಾಡಿಕೊಂಡು ಮೂಗಿನ ಪಕ್ಕಡದಿಂದ ಬುಡದ ಅಂಚು ಹಿಡಿದು ತಿರುಗಿಸಿ.

ರಿವರ್ಸ್ ಲೈಟ್ ಒಂದೇ ಕಡೆ ಹತ್ತುತ್ತದೆ ಎಂದು ಗಾಜು ಬಿಚ್ಚಿ, ಒಳಗೆ ಬಲ್ಬೇ ಇಲ್ಲದ್ದು ಕಂಡು ಬೇಸ್ತು ಬೀಳುವುದುಂಟು. ಕೆಲವು ಕಾರುಗಳಲ್ಲಿ ಒಂದೇ ರಿವರ್ಸ್ ಲೈಟ್ ಕೊಟ್ಟಿರುತ್ತಾರೆ. ಇರುವ ಎರಡೂ ಹತ್ತದಿದ್ದರೆ ಗೇರ್‌ಬಾಕ್ಸಿನ ಮೇಲಿನ ರಿವರ್ಸ್ ಸ್ವಿಚ್ ಮತ್ತು ಅದರ ಫ್ಯೂಸ್ ನೋಡಿ.

ಹೊಸ ಬಲ್ಬೂ ಹತ್ತದಿದ್ದರೆ

ಫ್ಯೂಸ್ ಮೊದಲು. ಪೆಟ್ಟಿಗೆಗಳು ಸಾಮಾನ್ಯವಾಗಿ ಎರಡು, ಬ್ಯಾಟರಿ ಪಕ್ಕ ಒಂದು, ಸ್ಟೀರಿಂಗ್ ಕೆಳಗೆ ಡ್ಯಾಷ್‌ಬೋರ್ಡಿನಲ್ಲಿ ಇನ್ನೊಂದು. ಮುಚ್ಚಳದ ಒಳಗೆ ನಕ್ಷೆ ಇರುತ್ತದೆ, ಅಲ್ಲೇ ಬಿಳಿ ಪ್ಲಾಸ್ಟಿಕ್ಕಿನ ಪುಟ್ಟ ಚಿಮಟವೂ ಸಿಕ್ಕಿಸಿರುತ್ತದೆ. ಬಣ್ಣವೇ ಅಳತೆ: 7.5 ಆಂಪ್ ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಹೋದದ್ದು 10 ಆದರೆ 10ನ್ನೇ ಹಾಕಿ. ಮತ್ತೆ ಹೋದರೆ 20 ಹಾಕುವುದು ಪರಿಹಾರವಲ್ಲ, ಫ್ಯೂಸಿನ ಬದಲು ವೈರು ಸುಡುತ್ತದೆ. ಹಾಕಿದ ತಕ್ಷಣ ಹಾರುವ ಫ್ಯೂಸ್ ಎಲ್ಲೋ ಶಾರ್ಟ್ ಇದೆ ಎನ್ನುತ್ತಿದೆ. ಹ್ಯಾಚ್‌ಬ್ಯಾಕ್‌ಗಳಲ್ಲಿ ಡಿಕ್ಕಿ ಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ಮಡಚಿ ಮಡಚಿ ಸವೆದ ವೈರುಗಳನ್ನು ಮೊದಲು ನೋಡಿ. ನಂಬರ್ ಪ್ಲೇಟ್ ದೀಪ, ಮೂರನೇ ಬ್ರೇಕ್ ಲೈಟ್ ಬಾಗಿಲ ಮೇಲಿದ್ದರೆ ಅವುಗಳ ವೈರು ಅದೇ ದಾರಿ. ಮನೆಯ ಪಕ್ಕ ಖಾಲಿ ಸೈಟಿದ್ದರೆ ಇಲಿ ಕಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಫ್ಯೂಸ್ ಸರಿಯಿದ್ದರೆ ಹೋಲ್ಡರಿಗೆ ಬನ್ನಿ. ಇಲ್ಲಿಯೇ ಮಲ್ಟಿಮೀಟರ್ ಇದ್ದವರೂ ಎಡವುವುದು. ಬಲ್ಬು ತೆಗೆದ ಖಾಲಿ ಹೋಲ್ಡರಿನಲ್ಲಿ ಅಳೆದರೆ 12 ವೋಲ್ಟ್ ತೋರಿಸುತ್ತದೆ, ‘ಕರೆಂಟು ಬರ್ತಿದೆ’ ಎಂದು ತೀರ್ಮಾನಿಸುತ್ತಾರೆ. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಕಿಲುಬು ಹಿಡಿದು ಕೂದಲೆಳೆಯಷ್ಟು ಉಳಿದ ವೈರಿನಲ್ಲೂ ಮೀಟರಿಗೆ 12 ವೋಲ್ಟ್ ಸಿಗುತ್ತದೆ. 21 ವ್ಯಾಟ್ ಬಲ್ಬು ಕೇಳುವುದು 1.75 ಆಂಪ್, ಹೆಡ್‌ಲೈಟ್ ತಂತಿ ಸುಮಾರು 5 ಆಂಪ್. ಆ ಭಾರ ಹಾಕಿದಾಗಲೇ ರೋಗ ಕಾಣುವುದು. ಆದ್ದರಿಂದ ಬಲ್ಬು ಜಾಗದಲ್ಲಿರುವಾಗ, ಸ್ವಿಚ್ ಆನ್ ಇರುವಾಗ, ಕಪ್ಲರಿನ ಹಿಂಭಾಗದಿಂದ ಮೀಟರಿನ ಸೂಜಿ ತೂರಿಸಿ ಅಳೆಯಬೇಕು.

ಕಪ್ಪು ಸೂಜಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪನ್ನು ಹೋಲ್ಡರಿನ ಅರ್ತ್ ವೈರಿಗೆ ಇಡಿ. ದೀಪ ಹತ್ತಿರುವಾಗ ಅಲ್ಲಿ 0.2 ವೋಲ್ಟ್ ಆಚೀಚೆ ಇದ್ದರೆ ಅರ್ತ್ ಚೆನ್ನಾಗಿದೆ. ಒಂದು, ಎರಡು ವೋಲ್ಟ್ ತೋರಿಸಿದರೆ ಅರ್ತ್ ಕೆಟ್ಟಿದೆ. ವೈರನ್ನು ಹಿಂಬಾಲಿಸಿ ಬಾಡಿಗೆ ಬೋಲ್ಟ್ ಆಗಿರುವ ಜಾಗ ಹುಡುಕಿ, ಬಿಚ್ಚಿ, ಬರಿ ಲೋಹ ಕಾಣುವಂತೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲ ಮುಗಿಯುತ್ತಿದ್ದಂತೆ ಹಿಂದಿನ ದೀಪಗಳ ಕಾಯಿಲೆ ಹೆಚ್ಚುವುದು ಈ ಒಂದು ಬೋಲ್ಟಿನಿಂದ. ಇನ್ನೊಂದು ಕಡೆಯ ಲೆಕ್ಕಕ್ಕೆ ಕೆಂಪನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ಬಲ್ಬಿಗೆ ಕರೆಂಟು ತರುವ ವೈರಿಗೆ ಇಡಿ. ಅಲ್ಲಿ ಅರ್ಧ ವೋಲ್ಟಿಗಿಂತ ಬಹಳ ಹೆಚ್ಚು ಕಂಡರೆ ಸ್ವಿಚ್, ರಿಲೇ, ಕಪ್ಲರ್ ಎಲ್ಲೋ ಕರೆಂಟು ತಿನ್ನುತ್ತಿದೆ.

ಹೋಲ್ಡರಿನ ಒಳಗೆ ಹಸಿರು ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಸ್ಪ್ರಿಂಗಿನ ನಾಲಿಗೆ ಒಳಗೆ ಕುಸಿದಿದ್ದರೆ, ಆಫ್ ಮಾಡಿ, ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಮೇಲೆತ್ತಿ. ಕಪ್ಲರಿನ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಉಜ್ಜಿ ಪ್ರಯೋಜನವಿಲ್ಲ. ವೈರ್ ಸಮೇತ ಬರುವ ಸೆರಾಮಿಕ್ ಎಚ್4 ಕಪ್ಲರ್ ಯಾವುದೇ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ, ಸಿಗುತ್ತದೆ. ಹಳೆಯ ವೈರಿನಷ್ಟೇ ದಪ್ಪ ಇರಲಿ. ಮೂರೂ ಜಂಟಿಗಳನ್ನು ಒಂದೇ ಸಾಲಿನಲ್ಲಿ ಮಾಡದೆ ಹಿಂದೆಮುಂದೆ ಮಾಡಿ, ಬಿಸಿಗೆ ಕುಗ್ಗಿ ಬಿಗಿಯುವ ಶ್ರಿಂಕ್ ಕೊಳವೆ ಹಾಕಿ. ಬರೀ ಟೇಪು ಸುತ್ತಿದರೆ ಬಾನೆಟ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಎಚ್4ನಲ್ಲಿ ಇನ್ನೊಂದು ವಿಚಿತ್ರ. ಬಲ್ಬಿನ ಮೂರು ಕಾಲುಗಳಲ್ಲಿ ಒಂದು ಎರಡೂ ತಂತಿಗಳಿಗೆ ಸೇರಿದ್ದು. ಆ ಕಾಲಿಗೆ ಅರ್ತ್ ಕೊಟ್ಟು, ಡಿಮ್ ಬ್ರೈಟ್ ಕಾಲುಗಳಿಗೆ ಪ್ಲಸ್ ಕಳಿಸುವುದು ಒಂದು ಪದ್ಧತಿ. ಹಲವು ಜಪಾನೀ ಕಾರುಗಳಲ್ಲಿ ಇದು ಉಲ್ಟಾ, ಆ ಕಾಲಿಗೆ ಪ್ಲಸ್ ಬಂದು ನಿಂತಿರುತ್ತದೆ, ಸ್ವಿಚ್ ಡಿಮ್ ಅಥವಾ ಬ್ರೈಟ್ ಕಾಲನ್ನು ಅರ್ತ್ ಮಾಡುತ್ತದೆ. ಇದು ಗೊತ್ತಿಲ್ಲದೆ ಟೆಸ್ಟ್ ಲ್ಯಾಂಪ್ ಹಿಡಿದರೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಎರಡೂ ಪದ್ಧತಿಯಲ್ಲೂ ಆ ಸಾಮಾನ್ಯ ಕಾಲು ಒಂದು ಕಡೆ ಕಡಿದುಹೋದರೆ ಲಕ್ಷಣ ಒಂದೇ. ಆ ಕಡೆಯ ಬಲ್ಬಿನಲ್ಲಿ ಎರಡೂ ತಂತಿಗಳು ಕೆಂಡದಂತೆ ಮಂಕಾಗಿ ಉರಿಯುತ್ತವೆ, ಕೆಲವೊಮ್ಮೆ ಡಿಮ್ ಹಾಕಿದಾಗಲೂ ಡ್ಯಾಷ್‌ಬೋರ್ಡಿನಲ್ಲಿ ಬ್ರೈಟಿನ ನೀಲಿ ದೀಪ ಮಂಕಾಗಿ ಕಾಣುತ್ತದೆ. ಅರ್ತ್ ಪದ್ಧತಿಯಾದರೆ ಅರ್ತ್ ವೈರು, ಉಲ್ಟಾ ಪದ್ಧತಿಯಾದರೆ ಆ ಕಡೆಯ ಫ್ಯೂಸ್ ನೋಡಿ. ಹೊಸ ಬಲ್ಬಿಗೆ ದುಡ್ಡು ಹಾಕಬೇಡಿ.

ಬ್ರೇಕ್ ಸ್ವಿಚ್ಚಿನ ಪರೀಕ್ಷೆ ಸುಲಭ, ಅದು ಎರಡು ವೈರಿನದ್ದಾದರೆ ಮಾತ್ರ. ಕಪ್ಲರ್ ಬಿಚ್ಚಿ ಎರಡು ವೈರುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ. ಬ್ರೇಕ್ ಲೈಟ್ ಹತ್ತಿದರೆ ಸ್ವಿಚ್ ಹೋಗಿದೆ, ಅಥವಾ ಅದರ ಮೊಳೆ ಪೆಡಲಿಗೆ ಸರಿಯಾಗಿ ತಾಗುತ್ತಿಲ್ಲ. ನಾಲ್ಕು ವೈರಿನ ಸ್ವಿಚ್ ಇದ್ದರೆ ಈ ಪ್ರಯೋಗ ಬೇಡ, ಅದರ ಎರಡು ವೈರು ಎಂಜಿನ್ ಕಂಪ್ಯೂಟರಿಗೆ ಹೋಗಿರಬಹುದು.

ಪದೇ ಪದೇ ಬಲ್ಬು ಹೋಗುತ್ತಿದ್ದರೆ

ಒಂದೇ ಕಡೆಯದು ಮಾತ್ರ ಪದೇ ಪದೇ ಹೋಗುತ್ತಿದ್ದರೆ ಆ ಲ್ಯಾಂಪಿನೊಳಗೆ ನೀರು, ಸಡಿಲ ಹೋಲ್ಡರ್, ಅದುರಾಟ ಇವೇ ಕಾರಣ. ಎಲ್ಲ ಕಡೆ ಹೋಗುತ್ತಿದ್ದರೆ ಎಂಜಿನ್ ಚಾಲೂ ಇಟ್ಟು ಬ್ಯಾಟರಿಯ ಮೇಲೆ ವೋಲ್ಟೇಜ್ ಅಳೆಯಿರಿ. 13.5ರಿಂದ 14.5 ಸರಿ. ಎಂಜಿನ್ ರೇಸ್ ಮಾಡಿದಾಗ 15 ದಾಟಿದರೆ ಆಲ್ಟರ್ನೇಟರಿನ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ತಂತಿ ಬಲ್ಬು ವೋಲ್ಟೇಜಿಗೆ ಬಹಳ ಸೂಕ್ಷ್ಮ. 5 ಶೇಕಡ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗೆ ಬಿಟ್ಟರೆ ಬ್ಯಾಟರಿಯೂ ಕುದಿಯುತ್ತದೆ.

ಅಂಗಡಿಯಲ್ಲಿ ‘ಹೈವೇಗೆ ಒಳ್ಳೆ ಬೆಳಕು ಸರ್’ ಎಂದು ತೋರಿಸುವ 100/90 ವ್ಯಾಟಿನ ಎಚ್4 ಬೇಡ. 60ರ ಬದಲು 100 ಎಂದರೆ 5ರ ಬದಲು 8 ಆಂಪಿಗೂ ಹೆಚ್ಚು. ರಿಲೇ ಹಾಕಿ ದಪ್ಪ ವೈರು ಎಳೆಯದೆ ಇದನ್ನು ಹಾಕಿದ ಕಾರುಗಳ ಕಪ್ಲರ್‌ಗಳೇ ಎಲೆಕ್ಟ್ರಿಷಿಯನ್ನರ ಬಳಿ ಕರಗಿ ಬರುವುದು. ಆಮೇಲೆ ಪ್ಲಾಸ್ಟಿಕ್ ರಿಫ್ಲೆಕ್ಟರಿನ ಹೊಳಪು ಸುಟ್ಟು, ಬೆಳಕು ಇದ್ದದ್ದಕ್ಕಿಂತ ಕಡಿಮೆಯಾಗುತ್ತದೆ. ನೀಲಿ ಬಣ್ಣ ಬಳಿದ ಬಲ್ಬುಗಳು ನೋಡಲು ಚೆಂದ. ಬಣ್ಣ ಬೆಳಕನ್ನು ನುಂಗುತ್ತದೆ, ಮಳೆಯಲ್ಲಿ ರಸ್ತೆ ಕಾಣುವುದಿಲ್ಲ.

ಹ್ಯಾಲೊಜೆನ್ ಲ್ಯಾಂಪಿಗೆ ಎಲ್‌ಇಡಿ ಬಲ್ಬು ತುರುಕುವುದೂ ಅದೇ ಜಾತಿಯ ತಪ್ಪು. ರಿಫ್ಲೆಕ್ಟರ್ ಮಾಡಿರುವುದು ಆ ತಂತಿ ಇರುವ ಜಾಗದ ಲೆಕ್ಕಕ್ಕೆ. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಸರಿದರೂ ಬೆಳಕು ಎದುರಿನವರ ಮುಖಕ್ಕೆ ಚೆಲ್ಲುತ್ತದೆ. ಇಂಡಿಕೇಟರಿಗೆ ಎಲ್‌ಇಡಿ ಹಾಕಿ ಟಿಕ್‌ಟಿಕ್ ವೇಗ ಹೆಚ್ಚಿತೆಂದು ಹಳೆಯ ಬಲ್ಬಿನಷ್ಟೇ ಕರೆಂಟು ಎಳೆಯಲು 6 ಓಮಿನ ರೆಸಿಸ್ಟರ್ ಜೋಡಿಸುವವರಿದ್ದಾರೆ. ಅದು ಹತ್ತಿದಾಗ 24 ವ್ಯಾಟ್ ಶಾಖ ಉಗುಳುತ್ತದೆ. ಹಾಕಲೇಬೇಕಿದ್ದರೆ ಬಾಡಿಯ ಲೋಹಕ್ಕೆ ಬಿಗಿಯಿರಿ, ಪ್ಲಾಸ್ಟಿಕ್ಕಿಗೆ, ವೈರಿನ ಕಟ್ಟಿಗೆ ತಾಗಿಸಬೇಡಿ. ಪುಟ್ಟ ಟಿ10 ಎಲ್‌ಇಡಿ ಹತ್ತದಿದ್ದರೆ ಕಿತ್ತು ಉಲ್ಟಾ ತಿರುಗಿಸಿ ಹಾಕಿ, ಎಲ್‌ಇಡಿಗೆ ಪ್ಲಸ್ ಮೈನಸ್ ಭೇದ ಇದೆ.

ಕೊನೆಗೆ ಗೋಡೆಯ ಮುಂದೆ

ಹೆಡ್‌ಲೈಟ್ ಬಲ್ಬು ಬದಲಿಸಿದ ಮೇಲೆ ಹತ್ತಿತು ಎಂದು ಬಾನೆಟ್ ಮುಚ್ಚಬೇಡಿ. ಸಮತಟ್ಟಾದ ಜಾಗದಲ್ಲಿ, ಟೈರ್ ಗಾಳಿ ಸರಿಯಿದ್ದು, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರುವಂತೆ, ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಹೆಡ್‌ಲೈಟಿನ ಮಧ್ಯದ ಎತ್ತರವನ್ನು ನೆಲದಿಂದ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಡಿಮ್ಮಿನ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು, ಎಂದರೆ ನೂರಕ್ಕೆ ಒಂದರಂತೆ ಇಳಿಜಾರು. ನಮ್ಮ ರಸ್ತೆಗಳಲ್ಲಿ ಎಡಬದಿಯ ಸಂಚಾರವಾದ್ದರಿಂದ ಆ ಅಂಚು ಎಡಕ್ಕೆ ಮೇಲೇರಬೇಕು, ಬಲಕ್ಕೆ ಮಟ್ಟಸವಾಗಿರಬೇಕು. ಡ್ಯಾಷ್‌ಬೋರ್ಡಿನಲ್ಲಿ ಲೆವೆಲಿಂಗ್ ಗುಂಡಿ ಇದ್ದರೆ ಮೊದಲು 0ಗೆ ತನ್ನಿ.

ಹೊಸ ಬಲ್ಬು ಹಾಕಿದ ಕಡೆ ಅಂಚು ಚೆದುರಿದ್ದರೆ, ಓರೆಯಾಗಿದ್ದರೆ, ಇನ್ನೊಂದು ಕಡೆಗಿಂತ ಬಹಳ ಮೇಲಿದ್ದರೆ ಲ್ಯಾಂಪಿನ ಸ್ಕ್ರೂ ತಿರುಗಿಸಲು ಹೋಗಬೇಡಿ. ಬಲ್ಬು ಸರಿಯಾಗಿ ಕೂತಿಲ್ಲ. ಬೂಟು ಬಿಚ್ಚಿ, ಮೂರು ಕಿವಿಗಳಲ್ಲಿ ಯಾವುದು ತನ್ನ ಕಚ್ಚಿನಲ್ಲಿ ಇಳಿದಿಲ್ಲ ಎಂದು ನೋಡಿ, ಮತ್ತೆ ಕೂರಿಸಿ, ಕ್ಲಿಪ್ಪು ಹಾಕಿ.